ಗಂಡು ಗಿಡ ಕಿತ್ತ ಹೊಲ

ಪ್ರೀತಿಯ ತಮ್ಮ ತೋಡೆರ್‌ಗೆ,

ಹೇಗಿದ್ದೀಯಪ್ಪ? ನಿನ್ನ ಹೆಂಡತಿ ರಫೀಲಾಳ ಮಂಡಿನೋವು ಇಳಿಯಿತೆ? ಪುಟ್ಟ ಅನೂತ್ಸಾಳ ಕೆಮ್ಮು ಹೇಗಿದೆ? ನಾನು ಗಟ್ಟಿಯಾಗಿದ್ದೇನೆ.

ನಿನ್ನ ಮಗ ದೋರಿನ್ ನನ್ನ ಹೊಲದಲ್ಲಿ ಭಂಗಿ ಬಿತ್ತಿದಾಗ ಖುಷಿಪಟ್ಟಿದ್ದೆ. ನಾರಿನಿಂದ ಹಗ್ಗ, ಅಂಗಿ; ಬೀಜದಿಂದ, ಬೆಣ್ಣೆ-ತುಪ್ಪ ಮುಟ್ಟದ ಉಪವಾಸದ ದಿನಗಳಿಗೆ ಎಣ್ಣೆ. ಅಮ್ಮ ಆ ಗಿಡದ ಒಂದು ಕಡ್ಡಿಯನ್ನೂ ಬಿಸಾಡಿದವಳಲ್ಲ.

ಆದರೆ ಮೊನ್ನೆ ಅವನು ಗಂಡು ಗಿಡಗಳನ್ನೆಲ್ಲ, ಹೂವಿನ ಧೂಳು ಉದುರುವ ಮೊದಲೇ, ಕಿತ್ತು ಹಾಕುತ್ತಿದ್ದ.

"ಏನೋ, ಗಂಡೇ ಇಲ್ದೆ ಹೆಣ್ಣು ಬೀಜ ಕಟ್ಟೋದು ಹ್ಯಾಗೋ?" ಎಂದೆ.

"ಬೀಜ ಯಾರಿಗೆ ಬೇಕು ಅತ್ತೆ? ಇದು ಹೊಸ ಪದ್ಧತಿ. ನೀನು ಕೋಳಿ ನೋಡ್ಕೋ ಹೋಗು," ಎಂದು ನಕ್ಕ.

ನಾರಿಗಾದರೆ ದಂಟು ಕೊಳೆಹಾಕಲು ಇಝಾ ಹೊಳೆಯಲ್ಲಿ ಮಡು ಕಟ್ಟಬೇಕಿತ್ತು, ಅದನ್ನೂ ಕಟ್ಟಿಲ್ಲ. ನಾರೂ ಬೇಡ, ಬೀಜವೂ ಬೇಡ ಎಂದರೆ ಉಳಿಯುವುದು ಸೇದುವವರ ಹೂವು ಮಾತ್ರ. ಪೊಲೀಸರು ಬಂದರೆ ಹುಡುಗ ಜೈಲಿಗೆ ಹೋಗುತ್ತಾನೆ.

ದೂರು ಕೊಡಲು ನನಗೆ ಮನಸ್ಸು ಬಾರದು. ಬೇಲಿಯ ಪಕ್ಕ ನಾನು ಬೆಳೆದ ಸಾಲಿನಲ್ಲಿ ಗಂಡು ಗಿಡಗಳಿವೆ. ಅವನ್ನು ಕೀಳದೆ ಬಿಟ್ಟಿದ್ದೇನೆ. ಗಾಳಿ ಅವನು ಬಿತ್ತಿದ ಕಡೆಗೇ ಬೀಸುತ್ತಿದೆ. ಬೀಜ ತುಂಬಿದ ಹೂವನ್ನು ಸೇದುವವರು ಕೊಳ್ಳುವುದಿಲ್ಲವಂತೆ.

ಅವನು ಸಿಟ್ಟಿನಿಂದ ನಿನಗೆ ಫೋನ್ ಮಾಡುವ ಮೊದಲೇ ಎರಡು ಸಾಲು ಬರೆ: ಎಷ್ಟು ಬಾಟಲಿ ಬೀಜದೆಣ್ಣೆ ಕಳಿಸಲಿ?

ನಿನ್ನ ಅಕ್ಕ,
ಸವೇತಾ