ಮರದ ಹೊಟ್ಟಿನ ಹಕ್ಕಿ

ಸೋಯ್ಲಾ,

ಚರ್ಚಿಗೆ, ಬೆಳಗಿನ ಬಲಿಪೂಜೆಗೆ ಹೊರಟಿದ್ದೇನೆ, ಎಂಟಕ್ಕೆ ಬರುತ್ತೇನೆ. ಕೇರಿಯ ಮಕ್ಕಳು ಹಾಸು ಹಾಕಲು ಏಳಕ್ಕೆಲ್ಲ ಬೀದಿಯಲ್ಲಿರುತ್ತಾರೆ. ಕಾಳು ಬೇಯಿಸಿಟ್ಟಿದ್ದೇನೆ, ರೊಟ್ಟಿಯ ಜೊತೆ ಕೊಡು. ಬೀದಿಯ ನೆಲಕ್ಕೆ ಮೊದಲು ನೀರು ಚಿಮುಕಿಸು. ಹಸಿರು ಬಣ್ಣ ಹಾಕಿದ ಮರದ ಹೊಟ್ಟು ದೊಡ್ಡ ಬಕೆಟ್ಟಿನಲ್ಲಿದೆ, ಜರಡಿ ಹಿಡಿದೇ ಹಾಕಿಸು.

ನಲವತ್ತು ವರ್ಷ ಸ್ವಾಮಿಯ ಮೆರವಣಿಗೆಗೆ ಈ ಬೀದಿಯಲ್ಲಿ ಬಣ್ಣದ ಹೊಟ್ಟಿನ ಚಿತ್ರದ ಹಾಸನ್ನು ನಾನೇ ಹಾಕಿಸಿದೆ. ಈ ಸಲ ಮಕ್ಕಳೆಲ್ಲ ನಿನ್ನ ಕ್ಯಾಮೆರಾ ಹಿಂದೆ ಊರಾಚೆಯ ಆಗುವಾ ಬೆಟ್ಟ ಹತ್ತಿದರು. ಇಳಿದು ಬಂದು, ತಮ್ಮಲ್ಲೊಬ್ಬಳಾದ ಯೆಸೆನಿಯಾ ತೆಗೆದ ಹಕ್ಕಿಯ ಫೋಟೋ ಹಿಡಿದು, "ದೊಡ್ಡಮ್ಮಾ, ನಿಮ್ಮ ಹಳೇ ಹೂವು ಸಾಕು, ಈ ಸಲ ಇದನ್ನೇ ಬಿಡಿಸೋಣ" ಅಂದರು. ನೀನು ಪಕ್ಕದಲ್ಲಿ ನಿಂತು ನಕ್ಕೆ. ನನಗೆ ಹೊಟ್ಟೆ ಉರಿಯಿತು.

ದೇವರಿಗೆ ಹೇಳುವ ಮೊದಲು ನಿನಗೇ ಹೇಳುತ್ತೇನೆ. ನಿನ್ನೆ ನೀವೆಲ್ಲ ಹುಡುಕಿ ಸುಸ್ತಾದ ಆ ಫೋಟೋ ಬಚ್ಚಿಟ್ಟವಳು ನಾನೇ. ಸಂತ ಯೋಸೇಫರ ಪಟದ ಹಿಂದಿದೆ, ತೆಗೆದುಕೋ. ಆ ಪಟದ ಮುಂದೆ ಮಂಡಿಯೂರಿದರೆ ನನಗೆ ಪ್ರಾರ್ಥನೆಯೇ ಬರಲಿಲ್ಲ, ಬರೀ ಹಕ್ಕಿಯ ಬಾಲ ಕಣ್ಣಿಗೆ ಬಂತು. ಹುಡುಗಿ ಚೆನ್ನಾಗಿಯೇ ತೆಗೆದಿದ್ದಾಳೆ. ಆದರೆ ಬಾಲದ ತುದಿಗೆ ಬರೀ ನೀಲಿ ಸಾಲದು, ಚಿಟಿಕೆ ಕಪ್ಪು ಬೆರೆಸಬೇಕು. ಅದೊಂದನ್ನು ನನಗೆ ಬಿಡಿ.

ಮಧ್ಯಾಹ್ನ ಸ್ವಾಮಿಯ ಪ್ರತಿಮೆಯನ್ನು ಹೊತ್ತವರು ಹಾಸಿನ ಮೇಲೆ ನಡೆದು ಹೋಗುತ್ತಾರೆ. ಅದು ಇರುವುದೇ ಅದಕ್ಕೆ, ಗೊತ್ತು. ಆದರೂ ನಿನ್ನ ಫೋಟೋಗಳು ಉಳಿಯುತ್ತವೆ, ನನ್ನ ಹಾಸು ಒಂದೂ ಉಳಿದಿಲ್ಲ. ಮೆರವಣಿಗೆ ಬರುವ ಮೊದಲು ಮಾಳಿಗೆಯಿಂದ ಒಂದು ಫೋಟೋ ತೆಗಿ. ಬಾಲದ ಪಕ್ಕ ನಾನು ಕೂತಿರುತ್ತೇನೆ.

ನಿನ್ನ ಅಕ್ಕ,
ಇಲಾರಿಯಾ