ಹನುಮಪ್ಪನಲ್ಲಿ ಕೇಳಿದ ಹೂವು

ಅಂಬಿಕಾ, ನನ್ನವ್ವಾ,

ನಿಂಬೆಕಾಯಿ ಚೀಲ ತಗೊಂಡು ಮೊದಲ ಬಸ್ಸಿಗೆ ಇಂಡಿ ಸಂತೆಗೆ ಹೊರಟಿದ್ದೇನೆ. ಬುಟ್ಟಿಯಲ್ಲಿ ರೊಟ್ಟಿ ಇವೆ, ಗಡಿಗೆಯಲ್ಲಿ ಮಜ್ಜಿಗೆ ಇದೆ. ಇದನ್ನು ಓದಿ ಸಿಟ್ಟಾಗಿ ಗೋಡೆಗೆ ಮುಖ ಮಾಡಿ ಮಲಗುವುದಾದರೆ ಉಂಡು ಮಲಗು.

ಎರಡೂ ಕಾಲೇಜಿನ ಫಾರ್ಮು ಟ್ರಂಕಿನ ಮೇಲಿವೆ. ಇವತ್ತೇ ಕಡೆಯ ದಿನ. ನಿನ್ನೆ ನೀನು, "ಬಿ.ಎ. ಮಾಡ್ಲೋ, ನರ್ಸಿಂಗಿಗೆ ಹೋಗ್ಲೋ, ಹನುಮಪ್ಪಗ ಹೂ ಕೇಳಿ ಬಾ ಮುತ್ಯಾ. ಸೈನ್ಸೂ ಅವನ ಹೇಳಿದ್ನಲ್ಲ" ಅಂದೆ.

ಒಂದು ಮಾತು ಎರಡು ವರ್ಷದಿಂದ ನುಂಗಿಕೊಂಡಿದ್ದೇನೆ. ನೀನು ಎಸ್ಸೆಸ್ಸೆಲ್ಸಿ ಪಾಸಾದಾಗ, ಬಲಕ್ಕೆ ಬಿದ್ದರೆ ಸೈನ್ಸ್, ಎಡಕ್ಕೆ ಬಿದ್ದರೆ ಆರ್ಟ್ಸ್ ಎಂದು ಮೂರ್ತಿಯ ಎರಡೂ ಬದಿಗೆ ಒದ್ದೆ ಹೂವು ಹಚ್ಚಿ ಬಿಸಿಲೇರುವ ತನಕ ಕೂತಿದ್ದೆ. ಯಾವುದೂ ಬೀಳಲಿಲ್ಲ. ನಿಮ್ಮ ಮಾಸ್ತರರು, "ಹುಡುಗಿ ಶಾಣ್ಯಾ ಅದಾಳ, ಸೈನ್ಸ್ ಕೊಡಿಸ್ರಿ" ಅಂದಿದ್ದರು. ಅದಕ್ಕೇ ಬಲಕ್ಕೆ ಬಿತ್ತೆಂದು ನಿನಗೆ ಸುಳ್ಳು ಹೇಳಿದೆ. ಈ ವರ್ಷ ನೀನು ಫಿಜಿಕ್ಸಿನಲ್ಲಿ ಎರಡು ಪರೀಕ್ಷೆ ನಪಾಸಾಗಿ, ಮೂರನೆಯದಕ್ಕೆ ಹೇಗೋ ದಾಟಿದೆ. "ದೇವರು ಕೊಟ್ಟದ್ದು ನನಗ ದಕ್ಕಲಿಲ್ಲ" ಎಂದು ನೀನು ಅತ್ತಾಗಲೂ ನಾನು ಬಾಯಿ ಬಿಡಲಿಲ್ಲ.

ಇಂದು ನಸುಕಿನಲ್ಲಿ ಹೋಗಿ ಮತ್ತೆ ಕೇಳಿದೆ. ಹೂವು ಅಂಟಿದಲ್ಲೇ ಇವೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಈ ಸಲ ಮೊಮ್ಮಗಳಿಗೆ ಸುಳ್ಳು ಹೇಳಲಾರೆ. ಯಾವ ಫಾರ್ಮು ತುಂಬಬೇಕೋ ನನಗೂ ತಿಳಿಯದವ್ವಾ. ತುಂಬಿದರೂ ಬಿಟ್ಟರೂ ಸಂಜೆ ಬಂದು ನಾನು ಏನೂ ಕೇಳುವುದಿಲ್ಲ. ಸಿಟ್ಟು ಬಂದರೆ ನನ್ನ ಮೇಲೆ ಮಾಡು, ಹನುಮಪ್ಪನ ಮೇಲೆ ಬೇಡ.

ಮುತ್ಯಾ