ಬಿಚ್ಚಿ ಹೊಲಿದ ಹಸಿರು ಸೀರೆ

ಭದ್ರಾವತಿ, ೧೯೩೧

ಗುರುಸಿದ್ದಮ್ಮಕ್ಕ,

ನೀವು ತೀರಿಕೊಂಡ ಮೇಲೆ ಈ ಮನೆಗೆ ಎರಡನೆಯವಳಾಗಿ ಬಂದ ನಾನು, ಓದಲು ನೀವಿಲ್ಲವೆಂದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಇವರು ನಿಮ್ಮ ಕಸೂತಿ ಬಟ್ಟೆಯನ್ನು ಮತ್ತೆ ನೆಂಟರ ಮುಂದೆ ಹರಡಿದರು. ಮೇಲುಗಡೆ ನಿಮ್ಮಜ್ಜಿ ಹಾಕಿದ ಕೆಳದಿ ಅರಸರ ಆನೆಗಳು. ಅದರ ಕೆಳಗೆ ಶಿವಮೊಗ್ಗೆಗೆ ಬಂದ ಮೊದಲ ರೈಲು, ಅದು ನಿಮ್ಮ ತಾಯಿಯ ಕೈಯದು. ಕೊನೆಯಲ್ಲಿ ನೀವು ಹಾಕಿದ ಇಲ್ಲಿಯ ಕಬ್ಬಿಣದ ಕಾರ್ಖಾನೆ, ಅದರ ಮುಂದೆ ಇವರು, ಇವರ ಪಕ್ಕದಲ್ಲಿ ಹಸಿರು ಸೀರೆಯುಟ್ಟ ನೀವು.

"ಏನು ಕೈ ಮಾರಾಯ್ರೆ ಅವಳದು!" ಎಂದರು ಇವರು. ನಾಲ್ಕು ವರ್ಷದಲ್ಲಿ ನನ್ನ ಯಾವ ಕೆಲಸಕ್ಕೂ ಆ ದನಿ ಬಂದಿಲ್ಲ.

ಎಲ್ಲರೂ ಹೊರಟ ಮೇಲೆ ಸೂಜಿ ತೆಗೆದುಕೊಂಡು ನಿಮ್ಮನ್ನು ಬಿಚ್ಚಿದೆ. ಮೊದಲು ಮುಖ, ಆಮೇಲೆ ಸೀರೆ. ಎಳೆಗಳು ಮಡಿಲಿಗೆ ಬಿದ್ದವು. ಬಟ್ಟೆಯಲ್ಲಿ ಸೂಜಿಯ ತೂತುಗಳು ಮಾತ್ರ ನಿಮ್ಮ ಆಕಾರದಲ್ಲೇ ಉಳಿದವು. ನನಗೆ ಹೆದರಿಕೆಯಾಯಿತು. ಅದೇ ಹಸಿರು ದಾರ ಪೋಣಿಸಿ, ಅದೇ ತೂತುಗಳ ಮೇಲೆ ನಿಮ್ಮನ್ನು ಮತ್ತೆ ಹೊಲಿಯಲು ಕೂತೆ. ನಿಮ್ಮ ನಯ ನನ್ನ ಕೈಗೆ ಬರಲಿಲ್ಲ. ಭುಜ ಅಗಲವಾಯಿತು, ಕತ್ತು ಗಿಡ್ಡವಾಯಿತು.

ಸಂಜೆ ನಿಮ್ಮ ಮಗಳು ನೀಲಾ ಸ್ಕೂಲಿನಿಂದ ಬಂದು ಬಟ್ಟೆಯ ಮೇಲೆ ಬಗ್ಗಿದಳು. ನೀವು ಹೋದಾಗ ಅವಳು ಒಂದು ವರ್ಷದ ಕೂಸಂತೆ, ನಿಮ್ಮ ಮುಖ ಅವಳಿಗೆ ನೆನಪಿಲ್ಲ.

"ಚಿಕ್ಕಮ್ಮ, ಅಪ್ಪ ಇದು ಅಮ್ಮ ಅಂತಿದ್ರು. ಇದು ನೀವಲ್ವಾ? ಭುಜ, ಕತ್ತು ಎಲ್ಲ ನಿಮ್ದೇ!" ಎಂದು ನಕ್ಕಳು.

ಅಲ್ಲ ಎನ್ನಲು ಬಾಯಿ ತೆರೆದೆ, ಅಕ್ಕ. ಹೌದು ಎಂದುಬಿಟ್ಟೆ.